ಯಾರೂ ಇಲ್ಲದವರು ಬೇಕಾಗಿದ್ದಾರೆ

ಚಲುವಯ್ಯನ ಕಷ್ಟಕ್ಕೆಲ್ಲ ಮೂಲ ಒಂದು ಸೊನ್ನೆ. ಆ ಸೊನ್ನೆಯನ್ನು ಅವನೇ ತನ್ನ ಕೈಯಾರೆ, ಒಳ್ಳೆಯ ನೀಲಿ ಮಸಿಯಲ್ಲಿ, ಎರಡು ವರ್ಷ ತಿಂಗಳು ತಪ್ಪದೆ ಬರೆದಿದ್ದ.

ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮರುವರ್ಷದ ಮಾತು. ಬೆಂಗಳೂರು ದಂಡಿನ ಕಡೆಯ ಒಂದು ನಗರಾಡಳಿತ ಕಚೇರಿಯಲ್ಲಿ ಚಲುವಯ್ಯ ಗುಮಾಸ್ತ. ಆ ಕಚೇರಿ, ಅದರ ಪೂರ್ವಕ್ಕಿದ್ದ ಹಳೇಕೆರೆ ಪುರಸಭೆ, ಅದಕ್ಕೂ ಆಚೆಯ ಗುಂಡುಕಟ್ಟೆ ಪಂಚಾಯ್ತಿ, ಈ ಮೂರೂ ಕೂಡಿ ಸೂರಿಲ್ಲದ ಹೆಂಗಸರಿಗಾಗಿ ಒಂದು ನಿಲಯ ಕಟ್ಟಬೇಕೆಂದು ಸರ್ಕಾರ ಆಜ್ಞೆ ಮಾಡಿತ್ತು. ಯಾರ ಗಡಿಯೊಳಗೆ ಎಷ್ಟು ಮಂದಿ ಸೂರಿಲ್ಲದವರಿದ್ದಾರೋ ಅಷ್ಟು ಪಾಲು ಖರ್ಚು ಅವರದು ಎಂದು ಆಜ್ಞೆಯ ಕೊನೆಗೆ ಒಂದು ಸಾಲಿತ್ತು. ಆ ಸಾಲು ಓದಿದ ದಿನದಿಂದ ಮೂರು ಕಡೆಯೂ ಸೂರಿಲ್ಲದವರೇ ಇಲ್ಲವಾದರು.

ಅದು ಹೇಗೆಂದರೆ, ತಿಂಗಳ ಕೊನೆಯ ದಿನ ಚಲುವಯ್ಯನ ಕಚೇರಿಯ ಲಾರಿ ಶಿವಾಜಿನಗರದ ಬಸ್ ನಿಲ್ದಾಣಕ್ಕೆ ಹೋಗಿ, ಅಂಗಡಿ ಜಗಲಿಗಳ ಮೇಲೆ ಮಲಗುವವರನ್ನು ಹತ್ತಿಸಿಕೊಂಡು ಹಳೇಕೆರೆಯ ಗಡಿಯಾಚೆ ಇಳಿಸಿ ಬರುತ್ತಿತ್ತು. ಹಳೇಕೆರೆಯವರು ಅವರನ್ನು ಟ್ರಾಕ್ಟರಿನಲ್ಲಿ ಗುಂಡುಕಟ್ಟೆಗೆ ಸಾಗಿಸುತ್ತಿದ್ದರು. ಗುಂಡುಕಟ್ಟೆಯವರಿಗೆ ಪಾಪ, ಲಾರಿಯಿಲ್ಲ, ಟ್ರಾಕ್ಟರಿಲ್ಲ. ಬಸ್ಸಿಗೆ ಟಿಕೀಟು ತೆಗೆಸಿಕೊಟ್ಟು ಶಿವಾಜಿನಗರಕ್ಕೇ ಕಳಿಸುತ್ತಿದ್ದರು. ಮೂರು ಸಂಸ್ಥೆಗಳ ಸಹಕಾರವೆಂದರೆ ನಿಜಕ್ಕೂ ಇದೇ. ಒಂದು ಸಭೆ ಸೇರಲಿಲ್ಲ, ಒಂದು ಠರಾವು ಮಾಡಲಿಲ್ಲ, ಆದರೂ ಒಂದು ತಿಂಗಳೂ ತಪ್ಪಲಿಲ್ಲ. ಪ್ರತಿಯೊಬ್ಬರೂ ತಮ್ಮಲ್ಲಿ ಸೂರಿಲ್ಲದವರ ಸಂಖ್ಯೆ ಸೊನ್ನೆ ಎಂದು ಬರೆದು ಕಳಿಸಿದರು.

ಕೊನೆಗೆ ಸರ್ಕಾರವೇ ಬೇಸತ್ತು ಬಾಣಸವಾಡಿ ರೈಲು ನಿಲ್ದಾಣದಿಂದ ಒಂದು ಮೈಲಿ ದೂರದಲ್ಲಿ ನಿಲಯ ಕಟ್ಟಿಸಿತು. ಒಂಬತ್ತು ಮಂಚ, ಸಂಸ್ಥೆಗೆ ಮೂರರಂತೆ. ಉಪಮಂತ್ರಿಗಳಿಂದ ಉದ್ಘಾಟನೆ ಒಂದನೇ ತಾರೀಖು ಸಂಜೆ ನಾಲ್ಕು ಗಂಟೆಗೆ.

ಅವತ್ತು ಬೆಳಿಗ್ಗೆ ಮೇಲಧಿಕಾರಿ ಶ್ರೀನಿವಾಸಮೂರ್ತಿಗಳು ಚಲುವಯ್ಯನನ್ನು ಕರೆಸಿದರು.

"ಚಲುವಯ್ಯ, ನಮ್ಮ ಮೂರು ಹೆಂಗಸ್ರು ಎಲ್ರೀ?"

"ನಮ್ಮಲ್ಲಿ ಸೊನ್ನೆ ಅಲ್ವಾ ಸಾರ್?"

"ಅದು ಖರ್ಚಿನ ಸೊನ್ನೆ ಕಣ್ರೀ! ಇದು ಮಂಚ! ಹಳೇಕೆರೆಯೋರು ಮೂರು ತರ್ತಾರೆ, ಗುಂಡುಕಟ್ಟೆಯೋರು ಮೂರು ತರ್ತಾರೆ. ನಮ್ಮ ಮಂಚ ಖಾಲಿ ಬಿದ್ದಿದ್ರೆ ಉಪಮಂತ್ರಿಗಳು ಅದರ ಮೇಲೆ ನನ್ನನ್ನ ಮಲಗಿಸ್ತಾರೆ. ಮಧ್ಯಾಹ್ನದೊಳಗೆ ಹುಡುಕಿ. ಗಂಡ, ಮಗ, ಅಳಿಯ, ಯಾರೂ ಇರಬಾರ್ದು ನೋಡಿ. ಶುದ್ಧ ದಿಕ್ಕಿಲ್ಲದೋರೇ ಆಗ್ಬೇಕು."

ಚಲುವಯ್ಯ ಕೈ ಹೊಸೆಯುತ್ತ ನಿಂತ. "ಸಾರ್, ನನ್ನ ಕ್ವಾರ್ಟರ್ಸ್ ಫೈಲು..."

"ಟೇಬಲ್ ಮೇಲೇ ಇದೆ. ಸಮಾರಂಭ ಸುಸೂತ್ರವಾಗಿ ನಡೀಲಿ, ಅಲ್ಲೇ ಸಹಿ ಹಾಕ್ತೀನಿ. ನೀವು ಸಂಸಾರಸ್ಥರು, ಮೊದಲನೇ ಹಕ್ಕು ನಿಮ್ದೇ."

ಈ ಕ್ವಾರ್ಟರ್ಸಿನ ಮೇಲೆ ಚಲುವಯ್ಯನ ಜೀವ ನಿಂತಿತ್ತು. ಅವನು ಬಾಡಿಗೆಗಿದ್ದ ಹಲಸೂರಿನ ವಠಾರದ ಒಡತಿ ಸೀತಮ್ಮನ ಅಳಿಯ ಅವತ್ತೇ ಸಂಸಾರ ಸಮೇತ ಬರುವವನಿದ್ದ. ಸಂಜೆಯೊಳಗೆ ಮನೆ ಖಾಲಿಯಾಗದಿದ್ದರೆ ಪಾತ್ರೆಪಡಗ ಬೀದಿಗೆ ಎಂದು ಆಕೆ ಮೂರು ಸಲ ಹೇಳಿದ್ದಳು. ಸೂರಿಲ್ಲದವರ ಫೈಲು ನೋಡಿಕೊಳ್ಳುವ ಗುಮಾಸ್ತನೇ ಸೂರು ಕಳೆದುಕೊಳ್ಳುವುದೆಂದರೆ ಕಚೇರಿಯಲ್ಲಿ ತಲೆಯೆತ್ತಿ ತಿರುಗುವುದು ಹೇಗೆ?

ಅವನು ಸೈಕಲ್ ಹತ್ತಿ ಶಿವಾಜಿನಗರಕ್ಕೆ ಓಡಿದ. ಜಗಲಿಗಳೆಲ್ಲ ಗುಡಿಸಿ ಸಾರಿಸಿದಂತೆ ಖಾಲಿ. ಆಗ ನೆನಪಾಯಿತು: ನಿನ್ನೆ ಮೂವತ್ತನೇ ತಾರೀಖು. ಲಾರಿ ಕಳಿಸುವ ಚೀಟಿಗೆ ಮೊಹರು ಒತ್ತಿದವನು ತಾನೇ.

ಅಲ್ಲಿಂದ ಹಳೇಕೆರೆಗೆ ತುಳಿದ. "ಅಯ್ಯೋ, ನೀವು ಬಿಟ್ಟ ಅರ್ಧ ಗಂಟೇಲಿ ಟ್ರಾಕ್ಟರ್ ಹೊರಡಿಸಿಬಿಟ್ವಿ! ನಮ್ಮಲ್ಲಿ ಕೆಲಸ ಬಾಕಿ ಉಳಿಯಲ್ಲ ಸಾರ್," ಎಂದು ಅಲ್ಲಿಯ ಗುಮಾಸ್ತ ಹೆಮ್ಮೆಯಿಂದ ಹೇಳಿದ. ಚಲುವಯ್ಯ ಮತ್ತೆ ಪೂರ್ವಕ್ಕೆ ತುಳಿದ. ದಾರಿಯಲ್ಲಿ ಎದುರಿಗೆ ಬಂದ ಬಸ್ಸಿನ ಕಿಟಕಿಯಿಂದ ಒಬ್ಬ ಮುದುಕಿ ಅವನತ್ತ ನೋಡಿ ಕೈಬೀಸಿದಳು. ಯಾರೋ ಗುರುತಿನವರಿರಬೇಕೆಂದು ಇವನೂ ಬೀಸಿದ.

ಗುಂಡುಕಟ್ಟೆ ಪಂಚಾಯ್ತಿಯ ಛೇರ್ಮನ್ ಮುನಿಆಂಜನಪ್ಪ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಈಗ ಬಂದ್ರಾ ಗುಮಾಸ್ತ್ರೇ? ಇದೀಗ ಬಸ್ಸಿಗೆ ಹತ್ತಿಸಿ ಬಂದೆ. ಟಿಕೀಟು ನಮ್ದೇ. ಕಂಡಕ್ಟರಿಗೆ ಹೇಳೀವ್ನಿ, ಶಿವಾಜಿನಗರ ಬರಗಂಟ ಎಲ್ಲೂ ಇಳಿಸ್ಬೇಡ ಅಂತ."

"ಹಾಗಾದ್ರೆ ನಿಮ್ಮ ಮೂರು ಮಂಚಕ್ಕೆ ಏನ್ಮಾಡ್ತೀರಿ?"

ಮುನಿಆಂಜನಪ್ಪ ಕಿವಿ ಕೆರೆದುಕೊಂಡ. "ನಮ್ದು ಹೆಂಗೋ ಆಯ್ತದೆ, ಬುಡಿ."

ಚಲುವಯ್ಯ ಮತ್ತೆ ಶಿವಾಜಿನಗರಕ್ಕೆ ಬಂದು ಬೀಳುವ ಹೊತ್ತಿಗೆ ಗಂಟೆ ಒಂದೂವರೆ. ಅಂಗಿ ಮೈಗೆ ಅಂಟಿತ್ತು, ಸೈಕಲ್ಲಿನ ಚೈನು ಎರಡು ಸಲ ಕಳಚಿ ಕೈಯೆಲ್ಲ ಕಪ್ಪಾಗಿತ್ತು. ಮುಚ್ಚಿದ ಅಂಗಡಿಯೊಂದರ ಜಗಲಿಯ ಮೇಲೆ ಬಸ್ಸಿನಲ್ಲಿ ಕೈಬೀಸಿದ ಅದೇ ಮುದುಕಿ ಗಂಟು ಬಿಚ್ಚಿ ಕೂತಿದ್ದಳು.

"ಏನ್ ಸಾಮಿ, ಅರ್ಧ ದಾರೀಲಿ ಕಂಡೆ. ನಿಂಗೂ ಟ್ರಾಕ್ಟರ್ ಸಿಕ್ಕಿಲ್ವಾ?" ಎಂದು ಕೇಳಿದಳು. ಹೆಸರು ಮುನಿಗಂಗಮ್ಮ. ಆ ಜಗಲಿಯ ಮೇಲೆ ಹತ್ತೊಂಬತ್ತು ವರ್ಷದಿಂದ ಅವಳ ವಾಸ.

"ಅಜ್ಜಿ, ಮಿಕ್ಕೋರೆಲ್ಲ ಎಲ್ಲಿ?"

"ಮದ್ವೆ ಛತ್ರದ ತಾವ. ಇವತ್ತು ಮೂರ್ತ ಜೋರು. ಪಾಯಸ ಮುಗಿಯಗಂಟ ಒಬ್ರೂ ಏಳಕಿಲ್ಲ. ನಂಗೆ ಹಲ್ಲಿಲ್ಲ, ಅದಕ್ಕೇ ಓಗಿಲ್ಲ."

ಚಲುವಯ್ಯ ಅವಳ ಪಕ್ಕದಲ್ಲೇ ಕುಸಿದು ಕೂತು ತನ್ನ ಕಥೆಯನ್ನೆಲ್ಲ ಹೇಳಿದ. ಮಂಚ, ಹೊಸ ಕಂಬಳಿ, ಎರಡು ಹೊತ್ತು ಊಟ, ಬೆಳಿಗ್ಗೆ ಉಪ್ಪಿಟ್ಟು ಎಂದೆಲ್ಲ ಆಸೆ ತೋರಿಸಿದ.

"ಮಂಚ ಬ್ಯಾಡ. ಇಲ್ಲಿ ಒಂದಿನ ಮಲಗಿಲ್ಲ ಅಂದ್ರೆ ಜಾಗ ಇನ್ನೊಬ್ಳ ಪಾಲು. ತಿಂಗ್ಳಿಗೊಂದ್ಸಲ ನಿಮ್ ಲಾರೀಲಿ ಓದ್ರೆ ವಾಪಸ್ ಬಂದ್ಮ್ಯಾಕೆ ಜಗಳ ಆಡಿ ಬಿಡಿಸ್ಕೋಬೇಕು," ಎಂದಳು ಮುನಿಗಂಗಮ್ಮ. ಸ್ವಲ್ಪ ಯೋಚಿಸಿ, "ಕಂಬಳಿ ಕೈಗೆ ಕೊಡ್ತಾರಾ? ಅಂಗಾರೆ ಐದು ಗಂಟೆಗಂಟ ಬತ್ತೀನಿ. ಆಮ್ಯಾಕೆ ನನ್ ಮನೆಗೆ ನಾನು," ಎಂದು ಒಪ್ಪಿದಳು.

"ಇನ್ನಿಬ್ಬರು ಬೇಕಲ್ಲಜ್ಜಿ!"

"ನಿಂಗೆ ಸ್ವಂತ ಮನೆ ಐತಾ?"

"ಬಾಡಿಗೆ. ಇವತ್ತು ಸಂಜೆ ಬಿಡ್ಬೇಕು."

"ಮನ್ಯಾಗೆ ಹೆಂಗಸ್ರು ಎಷ್ಟು ಜನ?"

"ಇಬ್ರು. ಹೆಂಡ್ತಿ, ಅವಳ ತಾಯಿ."

"ಮತ್ತೆ ಊರೆಲ್ಲ ಯಾಕೋ ಹುಡುಕ್ತೀಯ?" ಎಂದು ಮುನಿಗಂಗಮ್ಮ ತಲೆ ಚಚ್ಚಿಕೊಂಡಳು.

ಹೆಂಡತಿ ಶಾಂತಕುಮಾರಿ ಮೊದಲು ಕೆಂಡವಾದಳು. "ಗಂಡ ಇಲ್ಲ ಅಂತ ಬರೆಸ್ತೀರಾ? ನಾಚಿಕೆ ಆಗಲ್ವಾ ನಿಮ್ಗೆ?"

"ಒಂದೇ ಗಂಟೆ ಕಣೇ. ಆಮೇಲೆ ಜಟಕಾ ಸೀದಾ ನಮ್ಮ ಕ್ವಾರ್ಟರ್ಸಿಗೆ. ನಲ್ಲಿ ಮನೆಯೊಳಗೇ ಇದೆ ಅಲ್ಲಿ."

ನಲ್ಲಿಯ ಮಾತಿಗೆ ಶಾಂತಕುಮಾರಿ ಸ್ವಲ್ಪ ಕರಗಿದಳು. "ತಾಳಿ ಮಾತ್ರ ತೆಗೆಯಲ್ಲ. ಸೆರಗಲ್ಲಿ ಮುಚ್ಕೋತೀನಿ," ಎಂದಳು.

ಅತ್ತೆ ಪಿಳ್ಳಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಮಂಚ ನಿಜವಾಗ್ಲೂ ಇದೆಯಾ ಅಳೀಂದ್ರೆ? ನಿಮ್ಮ ಮನೆಗೆ ಬಂದಾಗಿಂದ ಚಾಪೆ ಮೇಲೇ ಅಲ್ವಾ ನನ್ನ ಸೊಂಟ?"

ಹೇಗೂ ಮನೆ ಬಿಡುವುದೇ ಎಂದು ಚಲುವಯ್ಯ ಟ್ರಂಕು, ಹಾಸಿಗೆ, ಸೀಮೆಎಣ್ಣೆ ಸ್ಟೌವನ್ನೂ ಜಟಕಾಕ್ಕೆ ಹೇರಿಸಿದ. ಬೀಗದ ಕೈಯನ್ನು ಸೀತಮ್ಮನ ಮುಂದೆ ಠೀವಿಯಿಂದ ಇಟ್ಟ. "ತಗೊಳ್ಳಿ. ಸರ್ಕಾರಿ ಮನೆ ಸಿಕ್ಕಿದೆ ನಮ್ಗೆ," ಎಂದ. ಸಿಗುವ ಮುಂಚೆಯೇ ಹಾಗೆ ಹೇಳಬಾರದಿತ್ತು. ಆದರೆ ಎರಡು ವರ್ಷ ಆಕೆಯ ಮಾತು ಕೇಳಿದ್ದ ಮನುಷ್ಯ, ಪಾಪ, ಬಾಯಿ ತಡೆಯಲಿಲ್ಲ.

ನಿಲಯದ ಮುಂದೆ ಮಾವಿನ ತೋರಣ, ಶಾಮಿಯಾನ. ಸಾಮಾನನ್ನು ಕಾಂಪೌಂಡಿನ ಮೂಲೆಯಲ್ಲಿ ಇಳಿಸಿ ಚಲುವಯ್ಯ ರಿಜಿಸ್ಟರು ಹಿಡಿದು ಕೂತ. ಶಾಂತಕುಮಾರಿ, ಬಂಧುಗಳು ಯಾರೂ ಇಲ್ಲ. ಪಿಳ್ಳಮ್ಮ, ಬಂಧುಗಳು ಯಾರೂ ಇಲ್ಲ. ಮಗಳ ಹೆಸರಿನ ಕೆಳಗೇ ತಾಯಿಯ ಹೆಸರು ಬಂದರೆ ಸಂಶಯವಾದೀತೆಂದು ನಡುವೆ ಮುನಿಗಂಗಮ್ಮನನ್ನು ಸೇರಿಸಿದ. ನಿಲಯದ ಮೇಲ್ವಿಚಾರಕಿ ಉಮ್ಮೆ ಕುಲ್ಸುಂ ಪ್ರತಿ ಸಾಲನ್ನೂ ಬೆರಳಿಟ್ಟು ಓದಿದರು. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿದವರು. ನಿಯಮ ಎಂದರೆ ನಿಯಮ.

ಉಳಿದ ಆರು ಮಂಚಗಳ ಕಡೆ ನೋಡಿ ಚಲುವಯ್ಯನಿಗೆ ಧೈರ್ಯ ಬಂತು. ಹಳೇಕೆರೆಯ ದಿಕ್ಕಿಲ್ಲದವರಲ್ಲಿ ಒಬ್ಬಾಕೆ ಕೈಗಡಿಯಾರ ಕಟ್ಟಿದ್ದಳು. ಗುಂಡುಕಟ್ಟೆಯ ಮೂವರೂ ಮುನಿಆಂಜನಪ್ಪನ ಹೆಂಡತಿ, ಅಕ್ಕ ಮತ್ತು ಚಿಕ್ಕಮ್ಮ. "ಎಮ್ಮೆ ಕರೆಯೋ ಒತ್ತಾಯ್ತು, ಮಂತ್ರಿ ಯಾವಾಗ್ ಬರ್ತಾನೆ?" ಎಂದು ಅಕ್ಕ ಗಟ್ಟಿಯಾಗಿಯೇ ಕೇಳುತ್ತಿದ್ದಳು.

ಉಪಮಂತ್ರಿಗಳು ಬಂದರು, ಟೇಪು ಕತ್ತರಿಸಿದರು, ಮಂಚದಿಂದ ಮಂಚಕ್ಕೆ ನಡೆದರು. ಮುನಿಗಂಗಮ್ಮ ಕಂಬಳಿ ಇಸಿದುಕೊಂಡು ಗಂಟಿಗೆ ಸೇರಿಸಿದಳು. ಪಿಳ್ಳಮ್ಮನ ಮುಂದೆ ಅವರು ನಿಂತರು.

"ಅಜ್ಜಿ, ನಿಮಗೆ ಯಾರೂ ಇಲ್ವಾ?"

ಪಿಳ್ಳಮ್ಮನಿಗೆ ಮಂಚ ಹತ್ತಿದ ಮೇಲೆ ಎಲ್ಲಿಲ್ಲದ ಮಾತು ಬಂದಿತ್ತು. "ಒಬ್ಬ ಅಳಿಯ ಇದ್ದ ಸ್ವಾಮಿ," ಎಂದು ನಿಟ್ಟುಸಿರುಬಿಟ್ಟಳು. "ಇದ್ದೂ ಇಲ್ಲದ ಹಾಗೆ." ಅವಳ ಕಣ್ಣಲ್ಲಿ ಬಂದ ನೀರು ನಿಜವಾದದ್ದೇ.

ಉಪಮಂತ್ರಿಗಳು ಕನ್ನಡಕ ತೆಗೆದು ಒರೆಸಿಕೊಂಡು ಶಾಂತಕುಮಾರಿಯ ಕಡೆ ತಿರುಗಿದರು. "ನಿಮ್ಮ ಯಜಮಾನ್ರು, ತಾಯೀ?"

ಶಾಂತಕುಮಾರಿ ಒಂದು ಸಲ ಚಲುವಯ್ಯನನ್ನು ನೋಡಿದಳು. "ಆಫೀಸಿಗೆ ಅಂತ ಹೋದೋರು. ನನ್ನ ಪಾಲಿಗೆ ಅವತ್ತಿಂದ ಬಂದೇ ಇಲ್ಲ."

ಉಪಮಂತ್ರಿಗಳು ತಡೆಯಲಾರದೆ ರಿಜಿಸ್ಟರು ತರಿಸಿದರು. 'ಶಾಂತಕುಮಾರಿ, ಪಿಳ್ಳಮ್ಮ, ಇಬ್ಬರಿಗೂ ಯಾರೂ ಇಲ್ಲವೆಂದು ಖುದ್ದು ವಿಚಾರಿಸಿ ಖಚಿತಪಡಿಸಿಕೊಂಡಿದ್ದೇನೆ. ಇವರನ್ನು ಎಂದಿಗೂ ಹೊರಗೆ ಹಾಕಕೂಡದು' ಎಂದು ಬರೆದು ಸಹಿ ಮಾಡಿದರು. ಚಪ್ಪಾಳೆಯ ಮಧ್ಯೆ ಶ್ರೀನಿವಾಸಮೂರ್ತಿಗಳು ಚಲುವಯ್ಯನ ಬೆನ್ನು ತಟ್ಟಿದರು. "ಎಂಥಾ ಹೆಂಗಸ್ರನ್ನ ಹುಡುಕಿದ್ರೀ! ಅತ್ತುಬಿಟ್ರು ಕಣ್ರೀ ಉಪಮಂತ್ರಿಗಳು!"

ಕಾರು ಹೊರಟ ಹತ್ತು ನಿಮಿಷದಲ್ಲಿ ಗುಂಡುಕಟ್ಟೆಯವರು ಎಮ್ಮೆ ಕರೆಯಲು ಹೋದರು, ಹಳೇಕೆರೆಯವರು ಟ್ರಾಕ್ಟರ್ ಹತ್ತಿದರು, ಮುನಿಗಂಗಮ್ಮ ಶಿವಾಜಿನಗರದ ಬಸ್ ಹಿಡಿದಳು. ಚಲುವಯ್ಯ ಶ್ರೀನಿವಾಸಮೂರ್ತಿಗಳನ್ನು ಪಕ್ಕಕ್ಕೆ ಕರೆದ.

"ಸಾರ್, ಕ್ವಾರ್ಟರ್ಸ್ ಸಹಿ. ಹೆಂಡ್ತಿ, ಅತ್ತೆ ಇಲ್ಲೇ ಇದಾರೆ, ಕರ್ಕೊಂಡು ಹೋಗ್ತೀನಿ."

"ಎಲ್ಲಿ?"

"ಅದೇ ಸಾರ್... ಉಪಮಂತ್ರಿಗಳನ್ನ ಅಳಿಸಿದ್ರಲ್ಲ, ಆ ಇಬ್ರೇ."

ಶ್ರೀನಿವಾಸಮೂರ್ತಿಗಳ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು, ಆಮೇಲೆ ಬಹಳ ಶಾಂತವಾಯಿತು. "ನೋಡಿ ಚಲುವಯ್ಯ, ಉಪಮಂತ್ರಿಗಳು ಖುದ್ದು ವಿಚಾರಿಸಿ ಆಕೆಗೆ ಯಾರೂ ಇಲ್ಲ ಅಂತ ಬರೆದಿದಾರೆ. ಆಕೆ ನಿಮ್ಮ ಹೆಂಡ್ತಿ ಅಂತ ನಾನು ಒಪ್ಪಿದ್ರೆ ಆ ಸಹಿ ಸುಳ್ಳಾಗುತ್ತೆ. ಸಹಿ ಸುಳ್ಳಾದ್ರೆ ನಿಮ್ಮ ಕೆಲಸ ಹೋಗುತ್ತೆ, ಅದರ ಹಿಂದೆ ನಂದೂ ಹೋಗುತ್ತೆ. ಆದ್ದರಿಂದ ನಿಮಗೆ ಹೆಂಡ್ತಿ ಇಲ್ಲ."

"ಕ್ವಾರ್ಟರ್ಸು ಸಾರ್?"

"ಸಂಸಾರಸ್ಥರಿಗೆ ಮಾತ್ರ ಕಣ್ರೀ. ಒಂಟಿಯವರಿಗೆ ಕೊಡೋ ಹಾಗಿಲ್ಲ."

ಅವರ ಸ್ಕೂಟರ್ ಹೋದ ಮೇಲೆ ಚಲುವಯ್ಯ ಬಹಳ ಹೊತ್ತು ಟ್ರಂಕಿನ ಮೇಲೆ ಕೂತಿದ್ದ. ನೌಕರಿಯುಂಟು, ಸಂಬಳವುಂಟು, ಹೆಂಡತಿಯುಂಟು, ಹೋಗಲು ಮನೆಯಿಲ್ಲ. ಎದ್ದು ನಿಲಯದ ಬಾಗಿಲಿಗೆ ಹೋದ. ಒಳಗೆ ತಾಯಿ ಮಗಳು ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಬಿಸಿ ಸಾರಿನ ವಾಸನೆ ಮೂಗಿಗೆ ಬಡಿಯಿತು.

"ಶಾಂತಾ..." ಎಂದ.

ಉಮ್ಮೆ ಕುಲ್ಸುಂ ಎದ್ದು ಬಂದರು. "ಗಂಡಸರು ಹೊಸ್ತಿಲ ಆಚೆ. ನಿಲಯದವರಿಗೆ ಗಂಡ ಇದ್ರೆ ಈಗಲೇ ಹೇಳ್ಬೇಕು, ಹೆಸರು ಹೊಡೆದುಹಾಕಿ ಅವರನ್ನೂ ಜೊತೆಗೆ ಕಳಿಸ್ತೀನಿ. ನಿಯಮ. ಏನಮ್ಮಾ, ಇವರು ನಿಮಗೇನಾಗ್ಬೇಕು?"

ಶಾಂತಕುಮಾರಿ ಚಲುವಯ್ಯನನ್ನು ನೋಡಿದಳು. ಅವನ ಹಿಂದೆ ಬಯಲಲ್ಲಿದ್ದ ಟ್ರಂಕು, ಸ್ಟೌ ನೋಡಿದಳು. ಮಂಚ ನೋಡಿದಳು. ಸೆರಗನ್ನು ಇನ್ನೊಂದು ಸುತ್ತು ಬಿಗಿಯಾಗಿ ಹೊದ್ದುಕೊಂಡಳು.

"ಏನೂ ಆಗ್ಬೇಕಿಲ್ಲ ಮೇಡಂ. ಯಾರೋ ಆಫೀಸಿನೋರು."

ಮಂಚದ ಮೇಲಿಂದ ಪಿಳ್ಳಮ್ಮನ ದನಿ ಬಂತು. "ಆಫೀಸಿನೋರೇ, ಹೋಗ್ತಾ ಆ ಬಾಗಿಲು ಸ್ವಲ್ಪ ಎಳ್ಕೊಂಡು ಹೋಗಿ. ಥಂಡಿ ಗಾಳಿ ಬರ್ತಿದೆ."