ಮಸಿ ಪುಡಿಯಲ್ಲಿ ತೊಳೆದ ಕೈ

ಮೊಮ್ಮಗಳನ್ನು ಮೆಶಿನ್ ತಾತ ಇನ್ನೂ ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಅವನು ಮೆಶಿನ್ ಓಡಿಸುವ ಪ್ರೆಸ್ಸಿನಲ್ಲಿ ನೆಗಡಿ ಜ್ವರ, ಬಾಡಿಗೆಯವರು ಮನೆ ಬದಲಾಯಿಸಿದ ಹಾಗೆ, ಒಂದು ಮೂಗು ಬಿಟ್ಟು ಇನ್ನೊಂದು ಮೂಗು ಸೇರುತ್ತಿತ್ತು. ಅಂದು ಬೆಳಗ್ಗೆ ಮಗಳು ಫೋನಿನಲ್ಲಿ ಅಪ್ಪಣೆ ಕೊಟ್ಟಳು: "ಸಾಯಂಕಾಲ ಬಾ ಅಪ್ಪ. ಕೈ ನೋಡಿ ಆಮೇಲೆ ಕೂಸು ಕೊಡ್ತೀನಿ."

ತಾತ ಕೈ ತೊಳೆಯುವುದನ್ನೇ ಉದ್ಯೋಗ ಮಾಡಿಕೊಂಡ. ಬಾಗಿಲು ಮುಟ್ಟಿದರೆ ತೊಳೆದ, ಕಾಗದದ ಕಟ್ಟು ಮುಟ್ಟಿದರೆ ತೊಳೆದ, ದೂರದಲ್ಲಿ ಯಾರೋ ಸೀನಿದರೂ ತೊಳೆದ. ಮಧ್ಯಾಹ್ನದೊಳಗೆ ಸೋಪು ಸವೆದು ಮೋರಿಗೆ ಜಾರಿತು. ಪಕ್ಕದಲ್ಲಿ ಮಸಿ ಪುಡಿಯ ಡಬ್ಬವಿತ್ತು. ವಾಷಿಂಗ್ ಸೋಡಾಕ್ಕೆ ಸಣ್ಣ ಮರಳು ಬೆರೆಸಿದ್ದು. ಕೈಗಂಟಿದ ಮಸಿ ಬಿಡಿಸಲು ಮೆಶಿನ್ನಿನವರು ಕೆಲಸ ಮುಗಿದ ಮೇಲೆ ಒಂದು ಚಿಟಿಕೆ ಹಾಕಿಕೊಳ್ಳುತ್ತಿದ್ದರು. ಮಸಿಯೇ ಹೆದರುವ ಪುಡಿಗೆ ನೆಗಡಿ ಯಾವ ಲೆಕ್ಕ ಎಂದುಕೊಂಡು ತಾತ ಹಿಡಿಗಟ್ಟಲೆ ಉಜ್ಜಿದ.

ಅದೇ ಪ್ರೆಸ್ಸಿನಲ್ಲಿ ಕರಡು ತಿದ್ದುವವನು ಅವನ ಹೆಂಡತಿಯ ತಮ್ಮ. ಪ್ರತಿ ಹಾಳೆ ಮಗುಚುವಾಗಲೂ ಬೆರಳನ್ನು ನಾಲಿಗೆಗೆ ಒತ್ತಿಕೊಳ್ಳುವುದು ಅವನ ಅಭ್ಯಾಸ. ಮಸಿ ತಾಗದ ಕೆಲಸ, ಹಾಗಾಗಿ ನಲ್ಲಿಗೂ ಅವನಿಗೂ ಅಷ್ಟಾಗಿ ಪರಿಚಯವಿರಲಿಲ್ಲ.

"ಕೈರೇಖೆ ಅಳಿಸಿಹೋದೀತು ಭಾವ," ಎಂದ. "ಆಮೇಲೆ ಆಯಸ್ಸು ಎಷ್ಟು ಅಂತ ಯಾರನ್ನ ಕೇಳ್ತೀರಿ?"

"ಮೊದಲು ಆ ಬೆರಳು ಬಾಯಿಂದ ತೆಗಿ ಮಾರಾಯ."

ಕೂಸನ್ನು ನೋಡಲು ತಾನೂ ಬರುತ್ತೇನೆಂದು ಭಾಮೈದ ಹೊರಟ. ಬಸ್ಸಿನಲ್ಲಿ ತಾತ ಉರಿಯುವ ಕೈಗಳೆರಡನ್ನೂ ಎದೆಯ ಮುಂದೆ ಎತ್ತಿ ಹಿಡಿದು, ಕಂಬ ಮುಟ್ಟದೆ, ಬ್ರೇಕ್ ಬಿದ್ದಾಗಲೆಲ್ಲ ಅವನ ಮೇಲೆ ಮೂಟೆಯಂತೆ ಉರುಳುತ್ತಾ ಹೋದ.

ಮಗಳು ಹೊಸ್ತಿಲಲ್ಲೇ ತಡೆದಳು. ತಾತ ಹೆಮ್ಮೆಯಿಂದ ಕೈ ಚಾಚಿದ. ಅಂಗೈ ಟೊಮೆಟೊ ಹಣ್ಣಿನಂತೆ ಕೆಂಪಗಾಗಿ, ಬೆರಳ ಸಂದಿಯಲ್ಲಿ ಈರುಳ್ಳಿ ಸಿಪ್ಪೆಯಂತೆ ಚರ್ಮ ಸುಲಿದಿತ್ತು.

"ಅಯ್ಯೋ ಅಪ್ಪ, ಇದ್ಯಾವ ಕಜ್ಜಿ ತಂದೆ? ಕೂಸಿಗೆ ಅಂಟಿದ್ರೆ ಏನ್ ಮಾಡ್ಲಿ?"

ಸೋಪು, ಮೋರಿ, ಪುಡಿ ಎಂದು ತಾತ ವಿವರಿಸಿದ್ದು ಯಾರ ಕಿವಿಗೂ ಬೀಳಲಿಲ್ಲ. ಅವಳ ಕಣ್ಣು ಪಕ್ಕದಲ್ಲಿದ್ದ ಭಾಮೈದನ ಕೈಗಳ ಮೇಲಿತ್ತು. ಹತ್ತಿಯಂತೆ ಮೆತ್ತಗೆ, ಬೆಳ್ಳಗೆ.

"ಮಾವನ್ನ ನೋಡಿ ಕಲಿ. ಮಾವ, ನೀವು ಎತ್ಕೊಳ್ಳಿ."

ಭಾಮೈದ ಬಗ್ಗಿದ. ಕೂಸಿನ ಮುಖದ ಮೇಲಿನ ಬಟ್ಟೆ ಸರಿಸಲು ಅಭ್ಯಾಸಬಲದಿಂದ ಬೆರಳನ್ನು ನಾಲಿಗೆಗೆ ಒಯ್ದ.

ತಾತ ಅವನ ರಟ್ಟೆ ಹಿಡಿದು ಬಚ್ಚಲಿಗೆ ಎಳೆದೊಯ್ದ. ತನ್ನ ಕೈ ಉರಿದು ಕಣ್ಣಲ್ಲಿ ನೀರು ಬಂದರೂ ಬಿಡದೆ, ಅವನ ಒಂದೊಂದು ಬೆರಳಿಗೂ ಸೋಪು ಹಚ್ಚಿ ಉಜ್ಜಿ ತೊಳೆದು ಕಳಿಸಿದ.

ಆ ಕೈಯಲ್ಲಿ ಕೂಸು ಸುಖವಾಗಿ ನಿದ್ದೆಹೋಯಿತು. ತಾತ ಕೈಗೆ ಎಣ್ಣೆ ಬಳಿದುಕೊಂಡು ಬಾಗಿಲಾಚೆ ನಿಂತು ಇಣುಕುತ್ತಿದ್ದ.

ಹೊರಡುವಾಗ ಮಗಳು ನಗುತ್ತಾ ಹೇಳಿದಳು: "ನಾಳೆನೂ ಬನ್ನಿ ಮಾವ. ಕೈ ತೊಳೆಸೋಕೆ ಅಪ್ಪನ್ನೂ ಕರ್ಕೊಂಡ್ ಬನ್ನಿ."