ಲೀಟರಿಗೆ ನಾಲ್ಕು ಮುಚ್ಚಳ

ಗೊಂದಲಕ್ಕೆ ನಮ್ಮ ಅಂಗಡಿಯ ವಿಳಾಸ ಯಾರು ಕೊಟ್ಟರೋ ಗೊತ್ತಿಲ್ಲ. ಬೆಳಿಗ್ಗೆ ನಾನು ಶಟರ್ ಎತ್ತುವ ಹೊತ್ತಿಗೆ ಅದು ಆಗಲೇ ಬಂದು ಕಟ್ಟೆಯ ಮೇಲೆ ಕೂತಿರುತ್ತದೆ.

ರೋಣದಲ್ಲಿ ನಮ್ಮ ಕಾಕಾನದು ಔಷಧ ಹೊಡೆಯುವ ಪಂಪು, ಹುಲ್ಲು-ಮೇವು ಕೊಯ್ಯುವ ಮಷೀನುಗಳ ಅಂಗಡಿ. ಇವುಗಳ ಎಂಜಿನ್ನು ಸಣ್ಣದು, ಹಟ ದೊಡ್ಡದು. ಎಣ್ಣೆಗೆ ಬೇರೆ ಜಾಗವಿಲ್ಲ. ಪೆಟ್ರೋಲಿನಲ್ಲೇ ಟೂ-ಟಿ ಎಣ್ಣೆ ಬೆರೆಸಿ ಹಾಕಬೇಕು. ಕಡಿಮೆಯಾದರೆ ಎಂಜಿನ್ ಜಾಮ್, ಹೆಚ್ಚಾದರೆ ಹೊಗೆ. ಯಾವ ಎಣ್ಣೆ, ಎಷ್ಟು ಎಣ್ಣೆ ಎಂದು ಕೇಳದೆ ಯಾರೂ ಕಟ್ಟೆ ಇಳಿಯುವುದಿಲ್ಲ.

ಕಾಕಾನ ಕಣ್ಣಿನ ಪೊರೆ ತೆಗೆದ ಡಾಕ್ಟರು, ಒಂದಿಷ್ಟು ದಿನ ಧೂಳಿಗೆ ಹೋಗಬೇಡಿ ಅಂದರು. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ನನಗೆ, "ನಾ ಕೂಡ್ಲೇನು ಅಂಗಡ್ಯಾಗ?" ಎಂದು ಕೇಳುವುದಕ್ಕೆ ಮೂರು ದಿನ ಹಿಡಿಯಿತು.

"ಇಂಗ್ಲೀಷ್ ಸಾಲಿ ಕಲ್ತಾಳ, ಡಬ್ಬಿ ಮ್ಯಾಲಿಂದರ ಓದ್ತಾಳ. ಕೂಡ್ಲಿ ಬಿಡು," ಎಂದು ಕಾಕಾ ಕಾಕೂಗೆ ಹೇಳಿದ. ಆಮೇಲೆ ಕಪ್ಪು ಕನ್ನಡಕವನ್ನು ನನ್ನ ಕಡೆ ತಿರುಗಿಸಿದ. "ಆದ್ರ ನೋಡು, ನಿನ್ನ ಮಾತು ಕೇಳಿ ಒಂದ ಒಂದು ಮಷೀನ್ ಕೆಟ್ಟರೂ, ಮಾರನೇ ದಿನಾ ಆ ಖುರ್ಚಿ ಮ್ಯಾಲ ನಿಮ್ಮ ಅಣ್ಣ ಇರ್ತಾನ."

ನಮ್ಮ ಅಣ್ಣನಿಗೆ ಖುರ್ಚಿ ಕಂಡರೆ ನಿದ್ದೆ ಬರುತ್ತದೆ. ನನಗೆ ಆ ಖುರ್ಚಿಯೇ ಬೇಕಿತ್ತು.

೧. ದೋಣಿಯ ಎಣ್ಣೆ

ಮೊದಲ ದಿನ ಸವಡಿಯ ರೈತರೊಬ್ಬರು ಬಂದರು. ಗೋಡೆಯ ಮಾಡಿನಲ್ಲಿ ಮೂರು ಬಣ್ಣದ ಡಬ್ಬಿಗಳಿದ್ದವು: ಹಸಿರು, ಕೆಂಪು, ನೀಲಿ. "ಯಾವುದು ಚಲೋದು ತಂಗಿ?" ಅಂದರು.

ನಾನು ಮೂರನ್ನೂ ಇಳಿಸಿ, ಪರೀಕ್ಷೆಗೆ ಓದಿದಂತೆ ಹಿಂದುಮುಂದು ಓದಿದೆ. ಕೆಂಪು ಬೈಕಿನದು, ಪೆಟ್ರೋಲಿಗೆ ಬೆರೆಸುವುದಲ್ಲ. ಹಸಿರು ಗಾಳಿಯಿಂದ ತಣ್ಣಗಾಗುವ ಸಣ್ಣ ಎಂಜಿನ್ನಿನದು. ನೀಲಿ ಡಬ್ಬಿಯ ಹಿಂದಿನ ಸಾಲು ಓದಿ ನನಗೇ ನಂಬಿಕೆ ಬರಲಿಲ್ಲ. ಮತ್ತೊಮ್ಮೆ ಓದಿದೆ.

"ಈ ನೀಲಿದು... ದೋಣಿ ಎಂಜಿನ್ನಿಗೆ ಅಂತ ಬರದಾರ್ರಿ," ಅಂದೆ.

"ಏನಂದಿ? ಜೋರ ಹೇಳು."

"ದೋಣಿ!"

ಬೇರೆ ಸಾಮಾನಿನ ಜೊತೆ ಅದು ತಪ್ಪಿ ಬಂದಿತ್ತೆಂದು ಆಮೇಲೆ ಗೊತ್ತಾಯಿತು. ಸವಡಿಯವರು ಡಬ್ಬಿಯನ್ನೂ ನನ್ನನ್ನೂ ನೋಡಿದರು. "ನಮ್ಮೂರಾಗ ನಳದ ನೀರು ಬಂದ್ರ ಓಡಿ ಹೋಗಿ ಕೊಡಾ ಹಿಡೀತೀವಿ. ದೋಣಿ ಎಲ್ಲಿ ಬಿಡ್ಲಿ ತಂಗಿ, ಕೊಡದಾಗ?"

ಬೆಂಚಿನ ಮೇಲೆ ತಮ್ಮ ಪಂಪಿನ ರಿಪೇರಿಗೆ ಕಾಯುತ್ತಿದ್ದ ಹೊಳೆಆಲೂರಿನವರು ತಟ್ಟನೆ ಎದ್ದು ಬಂದರು.

"ಏ ತಂಗಿ, ಅದನ್ನ ಯಾರಿಗೂ ಕೊಡಬ್ಯಾಡ, ನಮಗ ತಗದಿಡು. ನಮ್ಮ ಹೊಳಿ ಯಾವಾಗ ಮನೀಗೆ ಬರ್ತೈತೋ ಹೇಳಾಕ ಬರಂಗಿಲ್ಲ."

೨. ಮಿಸ್ತ್ರಿಯ ಕಿಸೆ

ಎಣ್ಣೆ ಯಾವುದೆಂದು ತಿಳಿಯಿತು. ಎಷ್ಟು ಎಂಬುದು ಉಳಿದಿತ್ತು.

ನರಗುಂದದ ಗಿರಾಕಿಯೊಬ್ಬರು ಲೀಟರಿಗೆ ಎಷ್ಟು ಹಾಕಲಿ ಎಂದು ಕೇಳಿದರು. ಮಷೀನಿನ ಪುಸ್ತಕದಲ್ಲಿ ನಲವತ್ತು ಎಂ.ಎಲ್. ಅಂತ ಇತ್ತು. ಹಸಿರು ಡಬ್ಬಿಯ ಮೇಲೆ ಇಪ್ಪತ್ತು. ನನ್ನ ಬೆರಳು ಎರಡರ ನಡುವೆ ಓಡಾಡುವುದನ್ನು ಪಕ್ಕದ ಗ್ಯಾರೇಜಿನ ಮಿಸ್ತ್ರಿ ನೋಡುತ್ತಿದ್ದ.

"ಇಷ್ಟ್ಯಾಕ ಓದ್ತಿ? ಒಂದು ಮುಚ್ಚಳಾ ಹಾಕೂದು, ಮುಗೀತು."

"ಯಾವ ಮುಚ್ಚಳಾರಿ?"

ಮಿಸ್ತ್ರಿ ಅಂಗಿಯ ಕಿಸೆಯಿಂದ ಕಪ್ಪು ಜಿಡ್ಡು ಹಿಡಿದ ಮುಚ್ಚಳವೊಂದನ್ನು, ತಾಯಿತ ತೋರಿಸುವವನ ಹಾಗೆ ತೆಗೆದು ತೋರಿಸಿದ. "ಇದು."

"ಯಾವ ಡಬ್ಬೀದದು?"

"ಆ ಡಬ್ಬಿ ಬರೂದು ನಿಂತು ಭಾಳ ವರ್ಷಾತು."

ನರಗುಂದದವರು ಕೈ ಮುಗಿದರು. "ಹಂಗಾರ ಟಾಕಿ ಖಾಲಿ ಆದಾಗೊಮ್ಮೆ ನಾ ನರಗುಂದದಿಂದ ನಿಮ್ಮ ಕಿಸೇಕ ಬರ್ಲೇನ್ರಿ?"

ಕಾಕಾನಿಗೆ ಫೋನ್ ಮಾಡಿದೆ. "ಮಷೀನಿನ ಪುಸ್ತಕ ಏನು ಹೇಳ್ತೈತೋ ಅದ ಖರೇ. ಡಬ್ಬಿಗೇನು ಗೊತ್ತು ಅದು ಯಾರ ಮನೀಗೆ ಹೊಂಟೈತಿ ಅಂತ," ಅಂದ. ನಲವತ್ತು ಎಂ.ಎಲ್. ಅಳೆಯುವುದು ಹೇಗೆ? ಮನೆಯಲ್ಲಿ ಕೆಮ್ಮಿನ ಔಷಧದ ಬಾಟಲಿಗೆ ಹತ್ತು ಎಂ.ಎಲ್. ಗೆರೆಯ ಮುಚ್ಚಳ ಇರುತ್ತದಲ್ಲ, ಅಂಥವನ್ನು ಕೂಡಿಸಿ ತಂದಿಟ್ಟೆ. ಲೀಟರಿಗೆ ನಾಲ್ಕು ಮುಚ್ಚಳ. ಡಬ್ಬಿಯ ಜೊತೆ ಒಂದು ಮುಚ್ಚಳ, ಒಂದು ಚೀಟಿ.

ಮಿಸ್ತ್ರಿ ನಕ್ಕ. "ದವಾಖಾನಿ ತಗದೀ ಏನವ್ವ?" ಅಂದ.

ಎಂಟು ದಿನಕ್ಕೆ ಅವನೇ ಅಂಗಡಿಯ ಬಾಗಿಲಲ್ಲಿ ನಿಂತು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ತಂಗಿ, ನನ್ನ ಮುಚ್ಚಳಾ ಎಲ್ಲೋ ಬಿದ್ದೈತಿ. ನಿನ್ನ ಕೆಮ್ಮಿಂದು ಒಂದ ಇದ್ರ ಕೊಡು."

೩. ಅಜ್ಜಿಯ ಅಂಗೈ

ಗಜೇಂದ್ರಗಡದ ಕಡೆಯ ಅಜ್ಜಿಯೊಬ್ಬಳು ಮಗನ ಪಂಪಿಗೆ ಎಣ್ಣೆ ಒಯ್ಯಲು ಬಂದಳು. ಹಸಿರು ಡಬ್ಬಿ ಕೊಟ್ಟೆ. ಅವಳು ಅಂಗೈ ಚಾಚಿದಳು. "ನಾಕ ಹನಿ ಹಾಕು. ನೋಡಲಾರದ ಹ್ಯಾಂಗ ಒಯ್ಯಲಿ?"

ಗಾಣದಲ್ಲಿ ಕುಸುಬಿ ಎಣ್ಣೆ ನೋಡಿ ಒಯ್ದು ಅವಳಿಗೆ ರೂಢಿ. ಬೇಡ ಅನ್ನುವುದು ನನಗೆ ಮೊದಲಿಂದ ಬರುವುದಿಲ್ಲ. ಬಲಗೈಗೆ ಹಸಿರು ಡಬ್ಬಿಯದು ಹಾಕಿದೆ. ಮೂಸಿದಳು, ತಿಕ್ಕಿದಳು, ಬಿಸಿಲಿಗೆ ಹಿಡಿದಳು. "ಜಿಗಟ ಕಡಿಮಿ ಐತಿ. ಆ ಕೆಂಪಂದು ತೋರ್ಸು." ಅದು ಬೈಕಿನದು ಅಂದರೂ ಕೇಳಲಿಲ್ಲ. ಎಡಗೈಗೆ ಕೆಂಪು.

ಎರಡನ್ನೂ ತೂಗಿ ನೋಡುವಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿತು. ಅಜ್ಜಿ ಗಡಬಡಿಸಿ ಎರಡೂ ಅಂಗೈಗಳನ್ನು ರೂಢಿಯಂತೆ ತಲೆಗೆ ತಿಕ್ಕಿಕೊಂಡು, ಹಸಿರು ಡಬ್ಬಿ ಎತ್ತಿಕೊಂಡು ನಡೆದೇಬಿಟ್ಟಳು.

"ಅಜ್ಜೀ, ತಲಿ ತೊಳ್ಕೋರಿ!" ಎಂದು ಕೂಗಿದೆ. ನನ್ನ ಕೂಗು ಎಂದಿನಂತೆ ನನಗೊಬ್ಬಳಿಗೇ ಕೇಳಿತು.

ಮುಂದಿನ ವಾರ ಮತ್ತೆ ಬಂದಳು. ನಾನು ಮೊದಲು ನೋಡಿದ್ದು ಅವಳ ತಲೆಯನ್ನು.

"ನೀ ಹೇಳಿದ್ದ ಖರೇ ಅದವ್ವ, ಹಸಿರಂದ ಚಲೋ," ಅಂದಳು. "ಕೆಂಪು ಹಚ್ಚಿದ ಕಡೆ ಭಾಳ ತುರಸ್ತೈತಿ."

೪. ದುಡಿಯುವವರ ಹಬ್ಬ

ಇಷ್ಟರ ಮೇಲೆ ಬೆಳವಣಕಿಯ ಯಜಮಾನರು ಬಂದರು. ಮೇವು ಕೊಯ್ಯುವ ಹೊಸ ಮಷೀನು ಒಯ್ದರು. ನಾನು ಒಬ್ಬಳೇ ಮಾರಿದ ಮೊದಲ ಮಷೀನು ಅದು. ಅದಕ್ಕೇ ಚೀಟಿಯನ್ನು ಮೂರು ಸಲ ಬರೆದು, ಮೂರನೆಯದನ್ನು ಕೊಟ್ಟೆ: "ಹಸಿರು ಡಬ್ಬಿಯ ಎಣ್ಣೆಯನ್ನೇ ಹಾಕತಕ್ಕದ್ದು. ಬೇರೆ ಎಣ್ಣೆ ಹಾಕಬಾರದು. ಒಂದು ಲೀಟರ್ ಪೆಟ್ರೋಲಿಗೆ ನಾಲ್ಕು ಮುಚ್ಚಳ." ಯಜಮಾನರು ಅದನ್ನು ಪಂಚಾಂಗದಲ್ಲಿಟ್ಟುಕೊಂಡರು.

ತಿಂಗಳ ಮೇಲೆ, ಕಾರಹುಣ್ಣಿಮೆಯ ಮಧ್ಯಾಹ್ನ, ಬೆಳವಣಕಿಯಿಂದ ಕಾಕಾನಿಗೇ ಫೋನ್ ಬಂತು. "ನಿಮ್ಮ ಮಷೀನ್ ಮನಿ ತುಂಬ ಹೊಗಿ ಬಿಟ್ಟು ಕಣ್ಣ ಮುಚ್ಚಿತ್ರಿ!"

ಕಾಕಾ ಕಪ್ಪು ಕನ್ನಡಕ ಹಾಕಿಕೊಂಡು ಅಂಗಡಿಗೆ ಬಂದ. ಹಿಂದೆ ಅಣ್ಣನೂ ಬಂದ. ಬಂದವನು ಖುರ್ಚಿಯನ್ನೇ ನೋಡಿದ.

ಯಜಮಾನರನ್ನು ಹೊತ್ತು ಟಂಟಂ ಆಟೊ ಬಂದು ನಿಂತಿತು. ಅದರೊಳಗೆ ಮಷೀನು. ಹಿಡಿಕೆಗೆ ಗೊಂಡೆ ಕಟ್ಟಿದ್ದರು, ಟಾಕಿಗೆ ಕುಂಕುಮ ಹಚ್ಚಿದ್ದರು, ಉದ್ದನೆಯ ಕೊಳವೆಗೆ ಕೊಂಬಿನ ಬಣ್ಣ ಬಳಿದಿದ್ದರು. ಮಿಸ್ತ್ರಿ ಎಂಜಿನ್ ಶುರು ಮಾಡುವ ಹಗ್ಗ ಎಳೆದ. ಇಲ್ಲ. ಮತ್ತೆ ಎಳೆದ. ಇಲ್ಲ.

"ಯಾವ ಎಣ್ಣಿ ಕೊಟ್ಟಿದ್ದಿ?" ಕಾಕಾ ನನ್ನನ್ನು ಕೇಳಿದ. ಹಸಿರು ಡಬ್ಬಿಯ ಕಡೆ ಕೈ ತೋರಿಸಿದೆ.

"ಹುಡುಗೀದು ತಪ್ಪಿಲ್ರಿ," ಎಂದು ಯಜಮಾನರು ಪಂಚಾಂಗದಿಂದ ಚೀಟಿ ತೆಗೆದರು. "ದಿನಾ ಅಕಿ ಹೇಳಿದಂಗ ನಾಕ ಮುಚ್ಚಳಾ ಹಾಕೇನಿ. ಒಂದು ಹನಿ ಹೆಚ್ಚಿಲ್ಲ, ಕಡಿಮಿಲ್ಲ. ತಿಂಗಳಾತು, ಕುದುರಿ ಓಡಿದಂಗ ಓಡೈತಿ."

"ಮತ್ತ ಇವತ್ತೇನಾತ್ರಿ?"

"ಇವತ್ತು ಹುಣ್ಣಿಮಿ ಅಲ್ಲೇನ್ರಿ? ಎತ್ತಿನ ಮೈ ತೊಳದು, ಕೊಂಬಿಗೆ ಬಣ್ಣಾ ಹಚ್ಚಿ, ಗೊಟ್ಟದಾಗ ಎಣ್ಣಿ ಕುಡಿಸಿದ್ವಿ. ಇದು ಮೂಲ್ಯಾಗ ಸುಮ್ನ ನಿಂತು ನೋಡಾಕತ್ತಿತ್ತು. ಇದೂ ನಮ್ಮನ್ಯಾಗ ದುಡಿಯೂದಲ್ಲೇನ್ರಿ? ಮನಸ್ಸು ತಡೀಲಿಲ್ಲ. ಇದಕ್ಕೂ ಒಂದ ಗೊಟ್ಟಾ ಹಾಕಿದೆ."

ಗೊಟ್ಟ ಅಂದರೆ ಎತ್ತಿನ ಬಾಯಿಗೆ ಎಣ್ಣೆ ಹೊಯ್ಯುವ ಬಿದಿರಿನ ಕೊಳವೆ. ನಮ್ಮ ಮುಚ್ಚಳದ ಲೆಕ್ಕದಲ್ಲಿ ಅದು ಎಷ್ಟಾಗುತ್ತದೆಂದು ಯೋಚಿಸಲು ನನಗೆ ಧೈರ್ಯ ಬರಲಿಲ್ಲ.

ಕಾಕಾ ಕನ್ನಡಕ ತೆಗೆದ. "ಎತ್ತಿಗೆ ಹಾಕೋ ಕುಸುಬಿ ಎಣ್ಣಿ ಇದಕ್ಕ ಹಾಕಿದ್ರಾ?"

"ಛೇ ಛೇ! ಬ್ಯಾರೆ ಎಣ್ಣಿ ಹಾಕಬಾರ್ದು ಅಂತ ಹುಡುಗಿ ಬರದಾಳಲ್ರಿ. ಗೊಟ್ಟಾ ತೊಳದು, ಹಸಿರು ಡಬ್ಬೀದ ಹಾಕೇನಿ. ತುಂಬ."

ಕಾಕಾನ ಮುಖ ಒಮ್ಮೆಲೇ ಬಿಳಚಿತು. "ಎತ್ತಿಗೆ ಯಾವುದು ಕುಡಿಸಿದ್ರಿ?"

ಯಜಮಾನರಿಗೆ ಸಿಟ್ಟೇ ಬಂತು. "ಎತ್ತಿಗೆ ಏನು ಹಾಕಬೇಕು ಅನ್ನೂದು ನನಗ ಗೊತ್ತೈತ್ರಿ. ಅದಕ್ಕ ಚೀಟಿ ಬೇಕಾಗಿಲ್ಲ."

ಮಿಸ್ತ್ರಿ ನಗುತ್ತ ಟಾಕಿ ಬಗ್ಗಿಸಿ ಎಲ್ಲ ಹೊರಗೆ ಸುರಿದ. ಪ್ಲಗ್ ಬಿಚ್ಚಿ ಒರೆಸಿದ. ನಾನು ಕೆಮ್ಮಿನ ಮುಚ್ಚಳದಿಂದ ಎಣಿಸಿ ಎಣಿಸಿ ಹೊಸ ಪೆಟ್ರೋಲಿಗೆ ನಾಲ್ಕು ಹಾಕಿದೆ. ಮೂರನೇ ಎಳೆತಕ್ಕೆ ಮಷೀನು ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಗೊಂಡೆ ಕುಣಿಸುತ್ತ ಶುರುವಾಯಿತು. ಅಣ್ಣ ಒಂದು ಆಕಳಿಕೆ ತೆಗೆದು ಮನೆಗೆ ಹೋದ.

ಕಾಕಾ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದ. "ಚಲೋ ಬರದಿ. ಒಂದ ಸಾಲು ಬಿಟ್ಟೀ ನೋಡು. ನಾಳಿಂದ ಅದನ್ನೂ ಬರದು ಕೊಡು."

ನಾಳೆಯಿಂದ ಅಂದನಲ್ಲ! ಅಷ್ಟು ಸಾಕಾಗಿತ್ತು. ಅಲ್ಲೇ ಕೂತು ಯಜಮಾನರ ಚೀಟಿಯ ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದೆ: "ಹುಣ್ಣಿಮೆಗೂ ಇಷ್ಟೇ."

ಯಜಮಾನರು ಓದಿದರು. ತಲೆಯಾಡಿಸಿದರು. ಚೀಟಿಯನ್ನು ಪಂಚಾಂಗದಲ್ಲಿ ಇಡಹೋದವರು ಹಾಳೆ ತಿರುವಿ, ಬೆರಳಿಟ್ಟು ನೋಡಿ, ನನ್ನ ಕಡೆ ತಿರುಗಿದರು.

"ತಂಗಿ, ಇನ್ನ ಹದಿನೈದು ದಿನಕ್ಕ ಮಣ್ಣೆತ್ತಿನ ಅಮಾಸಿ ಐತಿ. ಅವತ್ತ ಎಷ್ಟು?"