ಭಾವನವರ ಬಣ್ಣ ಹೀರುವ ಇದ್ದಲು

ನಮ್ಮ ಭಾವನವರ ಕಣ್ಣಿಗೆ ಬಿದ್ದ ಯಾವ ಸಸ್ಯವೂ ಈಚೆಗೆ ಸಹಜ ಮರಣ ಹೊಂದಿದ್ದಿಲ್ಲ. ತೆಂಗಿನ ಚಿಪ್ಪು, ಕಡಲೆಕಾಯಿ ಸಿಪ್ಪೆ, ಕೊನೆಗೆ ಅಂಗಳದ ಪೊರಕೆ ಕೂಡ ಅವರ ಕೈಯಿಂದ ಅಗ್ನಿಗೆ ಆಹುತಿಯಾಗಿದೆ. ಪೊರಕೆ ಹೋದ ದಿನ ನಮ್ಮಕ್ಕ ಮನೆ ಗುಡಿಸಲಿಲ್ಲ. ಭಾವನವರನ್ನು ಬಾಯಲ್ಲೇ ಗುಡಿಸಿ ಹಾಕಿದಳು!

ಅವರು ಹೊಸೂರಿನ ಕಾರ್ಖಾನೆಯೊಂದರಲ್ಲಿ ಮಾಲು ಪರೀಕ್ಷಿಸಿ, ಸರಿಯಿಲ್ಲದ್ದಕ್ಕೆ ‘ರಿಜೆಕ್ಟ್’ ಚೀಟಿ ಅಂಟಿಸಿಯೇ ನಿವೃತ್ತರಾದವರು. ಅಭ್ಯಾಸ ಬಿಡುವುದುಂಟೆ? ಒಮ್ಮೆ ಉಪ್ಪು ಹೆಚ್ಚಾದ ಸಾರಿನ ಪಾತ್ರೆಗೂ ಚೀಟಿ ಬಿತ್ತು. ಮರುದಿನ ಅವರ ತಟ್ಟೆಯಲ್ಲಿ ಆ ಚೀಟಿ ಇತ್ತು, ಸಾರಿರಲಿಲ್ಲ.

ಈ ಸುಡುವ ವ್ರತ ಹಿಡಿದದ್ದು ಅಕ್ಕನ ದೆಸೆಯಿಂದ. ಅವಳು ಹಿತ್ತಲ ಶೆಡ್ಡಿನಲ್ಲಿ ಸೀರೆಯ ಫಾಲ್, ರವಿಕೆಯ ಲೈನಿಂಗ್ ಬಟ್ಟೆಗಳಿಗೆ ಬಣ್ಣ ಹಾಕಿ ಟೈಲರುಗಳಿಗೆ ಕೊಡುತ್ತಾಳೆ. ಬಣ್ಣದ ನೀರು ಪಕ್ಕದ ಅಜ್ಜಿಯ ರೋಜಾ ತೋಟಕ್ಕೆ ಹರಿಯಿತು. ಇನ್ನೊಂದು ಸಲ ಕೆಂಪು ನೀರು ಬಂದರೆ ಪಂಚಾಯ್ತಿಗೆ ದೂರು ಕೊಡುವುದಾಗಿ ಅಜ್ಜಿ ಬೇಲಿಯಾಚೆಯಿಂದಲೇ ಹೇಳಿಹೋದಳು. ಅಕ್ಕ ಕೆಲಸ ನಿಲ್ಲಿಸಿದಳು. ಅಂದಿನಿಂದ ಅವಳಿಗೆ ಮಾತೂ ಕಮ್ಮಿ, ಊಟವೂ ಕಮ್ಮಿ.

ಗಾಳಿ ಸೋಕದಂತೆ ಸುಟ್ಟ ಇದ್ದಲು ನೀರಿನ ಬಣ್ಣ ಹೀರುತ್ತದೆಂದು ಭಾವನವರು ಎಲ್ಲಿಂದಲೋ ತಿಳಿದುಕೊಂಡು ಬಂದರು. ಆದರೆ ಬರೀ ಇದ್ದಲಿಗೆ ಅಷ್ಟು ಯೋಗ್ಯತೆ ಸಾಲದಂತೆ. ಅದನ್ನು ನಿಂಬೆ ಉಪ್ಪಿನ ನೀರಿನಲ್ಲಿ ನೆನೆಸಿ, ಮತ್ತೆ ಕಾಯಿಸಿ, ತೊಳೆದು, ಒಣಗಿಸಿ ಸಂಸ್ಕಾರ ಕೊಡಬೇಕಂತೆ. ನಮ್ಮ ವಂಶದ ಯಾವ ಗಂಡುಮಗನಿಗೂ ಇಷ್ಟು ಸಂಸ್ಕಾರ ಸಿಕ್ಕಿಲ್ಲ!

ನನ್ನ ಮಗಳ ಮದುವೆಗೆಂದು ಜೂಜುವಾಡಿಯ ಛತ್ರಕ್ಕೆ ಬಂದ ಭಾವನವರು ಅಕ್ಷತೆ ಹಾಕಿದ್ದನ್ನು ಯಾರೂ ಕಾಣರು. ಮದುಮಗಳು ಹತ್ತುವ ಮೊದಲೇ ಬಾಗಿಲ ಬಾಳೆಕಂಬ ಕಾರು ಹತ್ತಿ ಕೂತಿತ್ತು. ಇದೇನು ಶಾಸ್ತ್ರವೆಂದು ಬೀಗರು ಕೇಳಿದರು. ನಮ್ಮ ಕಡೆಯ ಪದ್ಧತಿ ಎಂದುಬಿಟ್ಟೆ. ಪಾಪ, ತಮ್ಮ ಎರಡನೆಯ ಮಗನ ಮದುವೆಯಲ್ಲಿ ಅವರೇ ಎರಡು ಕಂಬ ಕಟ್ಟಿಸಿ ಕಳಿಸಿದರು.

ಇನ್ನೊಂದು ದಿನ ಅವರ ಮನೆಗೆ ಕಾಫಿಗೆ ಹೋದರೆ ಲೋಟದಲ್ಲಿ ಬರೀ ಬಿಳಿ ಹಾಲು. ಡಿಕಾಕ್ಷನ್ನೆಲ್ಲ ಇದ್ದಲಿನ ಪರೀಕ್ಷೆಗೆ ಸಂದು ತಿಳಿನೀರಾಗಿತ್ತು. ನಾನು ಹಾಲು ಕುಡಿದು ಬಂದೆ. ಇದ್ದಲು ಕಾಫಿ ಕುಡಿದು ಪಾಸಾಯಿತು.

ಪಾಸಾದದ್ದು ಮಾವಿನ ರಸದ ಕಾರ್ಖಾನೆಯವರು ಎಸೆದ ವಾಟೆಯ ಇದ್ದಲು. ಅದಕ್ಕೆ ಮೊದಲು ಭಾವನವರು ತಮ್ಮ ಕೈಯಾರೆ ಸುಟ್ಟದ್ದಕ್ಕೆಲ್ಲ ರಿಜೆಕ್ಟ್ ಚೀಟಿ ಅಂಟಿಸಿದ್ದರು. ಅಜ್ಜಿಯನ್ನು ಕರೆಸಿದರು. ಅಕ್ಕ ಅರೆಮನಸ್ಸಿನಿಂದ ಒಂದು ಬಟ್ಟೆಗೆ ಕೆಂಪು ಹಾಕಿದಳು. ಉಳಿದ ನೀರನ್ನು ಇದ್ದಲು ತುಂಬಿದ ಡ್ರಮ್ಮಿಗೆ ಸುರಿದರೆ ಕೆಳಗಿನ ನಲ್ಲಿಯಲ್ಲಿ ತಿಳಿಯಾಗಿ ಇಳಿಯಿತು.

ಅಜ್ಜಿ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿದಳು. “ಕಲರ್ ಹೋಯ್ತು, ಸರಿ. ಈ ಇದ್ಲು ಎಷ್ಟ್ ದಿನ ತಡೀತದಪ್ಪಾ?”

“ವಾರ, ಹತ್ತು ದಿನ. ಆಮ್ಯಾಕೆ ಹೊಸದು ಸುಟ್ಟು ಹಾಕ್ಬೇಕು.”

ಅಜ್ಜಿಯ ಮುಖ ಬಿಗಿಯಿತು. ಅಕ್ಕ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಗಂಡನ ಕಡೆ ತಿರುಗಿದಳು. “ಸಾಕು ಬುಡ್ರೀ. ಎಷ್ಟ್ ದಿನಾಂತ ಹಿಂಗೆ ಹೊಗೆ ಕುಡ್ಕೊಂಡು ಸುಡ್ತಾ ಕೂತ್ಕೊಂತೀರಿ?”

ಭಾವನವರು ತಲೆಯೆತ್ತಲಿಲ್ಲ. ಡ್ರಮ್ಮಿನೊಳಗೆ ಕೋಲಾಡಿಸುತ್ತಲೇ ಹೇಳಿದರು: “ನೀನು ಬಣ್ಣ ಹಾಕೋಷ್ಟ್ ದಿನ.”

ಅಜ್ಜಿ ತನ್ನ ತೋಟಕ್ಕೆ ಹೊರಟುಹೋದಳು. ಸ್ವಲ್ಪ ಹೊತ್ತಿಗೆ ಬೇಲಿಯಾಚೆಯಿಂದ, ಕತ್ತರಿಸಿದ ರೋಜಾ ಕಡ್ಡಿಗಳ ಒಂದು ಹೊರೆ ಈಚೆ ಬಂದು ಬಿತ್ತು.